ಪೇಂಟ್‌ಬಾಲ್ ಗನ್ನಿನೊಳಗೇ ಬಾಲ್ ಒಡೀತದ? ಸ್ಕ್ರೂಡ್ರೈವರ್ ಹಿಡಿಯೋ ಮೊದಲು ಇಷ್ಟು ನೋಡ್ರಿ

ಅಮ್ಮಿನಬಾವಿ: ಟ್ರಿಗರ್ ಒತ್ತಿದರೆ ಬಣ್ಣ ಎದುರಿನವನ ಅಂಗಿ ಮೇಲೆ ಬೀಳಬೇಕು. ಅದರ ಬದಲು ಬ್ಯಾರಲ್ ತುದಿಯಿಂದ ತುಂತುರು ಹಾರಿ, ಗನ್ ಹಿಡಿದವನ ಕೈಯೇ ಹಳದಿ ಆಗಿಬಿಡುತ್ತದೆ. ಒರೆಸಿ ಮತ್ತೆ ಹೊಡೆದರೆ ಮತ್ತೆ ಅದೇ ಕತೆ. ಪೇಂಟ್‌ಬಾಲ್ ಆಡಿದವರಿಗೆಲ್ಲ ಈ ಅನುಭವ ಒಮ್ಮೆಯಾದರೂ ಆಗಿರುತ್ತದೆ.

ಧಾರವಾಡ–ಸವದತ್ತಿ ರಸ್ತೆಯ ಊರುಗಳ ಹುಡುಗರಿಗೆ ಈ ಆಟ ಪರಿಚಯ ಆಗಿದ್ದು ಮೊಬೈಲ್ ವಿಡಿಯೋದಿಂದ, ಇಲ್ಲಾ ರೆಸಾರ್ಟ್ ಟ್ರಿಪ್‌ನಿಂದ. ಬೆಂಗಳೂರಿನಲ್ಲಿ ಇದಕ್ಕಂತಲೇ ಮೈದಾನಗಳಿವೆ. ನಾಲ್ಕೈದು ಜನ ಗೆಳೆಯರು ದುಡ್ಡು ಕೂಡಿಸಿ ಹಳೇ ಗನ್ ಸೆಟ್ ತಂದು, ಹೊಲದ ಬದಿ ಖಾಲಿ ಜಾಗದಲ್ಲಿ ಆಟ ಶುರು ಮಾಡೋಣ ಅಂತ ಲೆಕ್ಕ ಹಾಕಿದರೆ, ಅವರಿಗೆ ಮೊದಲು ಎದುರಾಗೋ ತಲೆನೋವೂ ಇದೇ. ಬಾಲ್ ಒಡೆದರೆ ಆಟ ನಿಲ್ಲುತ್ತದೆ, ಗಿರಾಕಿ ಬೇಸರ ಮಾಡಿಕೊಳ್ಳುತ್ತಾನೆ, ಬಾಲಿನ ದುಡ್ಡು ಮಣ್ಣುಪಾಲು. "ಗನ್ನೇ ಕೆಟ್ಟದ" ಅಂತ ಬಿಚ್ಚಲು ಹೋದರೆ ಚಲೋ ಇದ್ದದ್ದೂ ಕೆಡುತ್ತದೆ. ನಿಜ ಹೇಳಬೇಕಂದ್ರೆ ಬಹಳ ಸಲ ತಪ್ಪು ಗನ್ನಿನದ್ದಲ್ಲ, ಬಾಲಿನದ್ದು.

ಬಾಲ್ ಅಂದ್ರೆ ಮೆಡಿಕಲ್ ಶಾಪಿನ ಮಾತ್ರೆಯ ತಮ್ಮ

ಮೆಡಿಕಲ್ ಶಾಪಿನಲ್ಲಿ ಸಿಗುವ ವಿಟಮಿನ್ ಇ ಅಥವಾ ಮೀನೆಣ್ಣೆ ಮಾತ್ರೆ ನೋಡಿರಬಹುದು. ಮೇಲೆ ಮೆತ್ತನೆಯ ಸಿಪ್ಪೆ, ಒಳಗೆ ಎಣ್ಣೆ. ಪೇಂಟ್‌ಬಾಲ್ ಕೂಡ ಅದೇ ಜಾತಿ. ಸಿಪ್ಪೆ ಜಿಲೆಟಿನ್‌ನದು, ಒಳಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದಪ್ಪ ದ್ರವ ಮತ್ತು ನೀರಿನಲ್ಲಿ ತೊಳೆದುಹೋಗುವ ಬಣ್ಣ. ಸಾಮಾನ್ಯವಾಗಿ ಬಳಸುವ ಬಾಲ್ 0.68 ಇಂಚು, ಅಂದರೆ ಸುಮಾರು 17 ಮಿಲಿಮೀಟರ್ ದಪ್ಪ, ತೂಕ ಸುಮಾರು 3 ಗ್ರಾಂ. ಮಕ್ಕಳ ಆಟಕ್ಕೆ 0.50 ಇಂಚಿನ ಸಣ್ಣ ಬಾಲೂ ಬರುತ್ತದೆ. ಒಂದರ ಬಾಲ್ ಇನ್ನೊಂದರ ಗನ್ನಿಗೆ ನಡೆಯೋದಿಲ್ಲ.

ಈ ಗನ್ ಹುಟ್ಟಿದ್ದೂ ಆಟಕ್ಕಲ್ಲ. ಅಮೆರಿಕದಲ್ಲಿ ಕಡಿಯಬೇಕಾದ ಮರಕ್ಕೆ, ಹಿಂಡಿನಲ್ಲಿ ಬೇರೆ ಮಾಡಬೇಕಾದ ದನಕ್ಕೆ ದೂರದಿಂದ ಗುರುತು ಹಾಕಲು ಮಾಡಿದ ಸಾಧನ ಅದು. ಅದಕ್ಕೇ ಇದರ ಹೆಸರು ಇವತ್ತಿಗೂ 'ಮಾರ್ಕರ್'. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 12 ಜನ ಅದನ್ನೇ ಹಿಡಿದು ಕಾಡಿನಲ್ಲಿ ಆಡಿದ್ದು ಮೊದಲ ಆಟ.

ಜಿಲೆಟಿನ್‌ಗೆ ಒಂದು ಗುಣ ಇದೆ. ತೇವ ಸಿಕ್ಕರೆ ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ. ಒಣಗಿದರೆ ಇಲ್ಲಾ ಬಹಳ ತಣ್ಣಗಾದರೆ ಬಿರುಸಾಗಿ ಹಪ್ಪಳದಂಗ ಒಡೆಯುತ್ತದೆ. ಮುಂಗಾರಿನ ಜಿಟಿಜಿಟಿ ಮಳೆಯ ಧಾರವಾಡಕ್ಕೂ, ಚೈತ್ರದ ಒಣ ಬಿಸಿಲಿನ ಧಾರವಾಡಕ್ಕೂ ಒಂದೇ ಡಬ್ಬಿಯ ಬಾಲ್ ಒಂದೇ ಥರ ನಡೆಯೋದಿಲ್ಲ ಅನ್ನೋದು ಇದಕ್ಕೇ.

ಮೊದಲು ಕಣ್ಣು, ಆಮೇಲೆ ಗನ್

ಆಟದ ಮೈದಾನಗಳಲ್ಲಿ ಬಾಲಿನ ವೇಗಕ್ಕೆ ಇರುವ ಮಿತಿ ಸೆಕೆಂಡಿಗೆ 300 ಅಡಿ. ಅಂದರೆ ಗಂಟೆಗೆ ಸುಮಾರು 330 ಕಿಲೋಮೀಟರ್. ಆ ವೇಗದಲ್ಲಿ ಬಾಲ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಾಲ್ ಒಳಗೆ ಒಡೆದಾಗ ಎಲ್ಲರೂ ಮಾಡೋ ಕೆಲಸ ಒಂದೇ: ಮಾಸ್ಕಿನ ಗಾಜಿಗೆ ಬಣ್ಣ ಬಿತ್ತು ಅಂತ ಮಾಸ್ಕ್ ತೆಗೆಯೋದು, ಬ್ಯಾರಲ್ ಒಳಗೆ ಇಣುಕಿ ನೋಡೋದು. ಎರಡೂ ಅಪಾಯ. ಒಂದು ಬಾಲ್ ಒಡೆದಿದ್ದರೂ ಅದರ ಹಿಂದೆ ಇನ್ನೊಂದು ಕೂತಿರಬಹುದು.

ಆದ್ದರಿಂದ ಪಾಳಿ ಹೀಗಿರಲಿ. ಮಾಸ್ಕ್ ಮುಖದ ಮೇಲೇ ಇರಬೇಕು. ಬ್ಯಾರಲ್ ಮೇಲೆ ಚೀಲ ಹಾಕಿಕೊಂಡೇ ಆಟದ ಜಾಗದಿಂದ ಹೊರಗೆ, ಜನ ಇಲ್ಲದ ಕಡೆ ಬರಬೇಕು. ಹಾಪರ್, ಅಂದರೆ ಬಾಲ್ ತುಂಬುವ ಮೇಲಿನ ಡಬ್ಬಿ ತೆಗೆಯಬೇಕು. ಗ್ಯಾಸ್ ಬಾಟಲಿ ಬಿಚ್ಚಬೇಕು. ಚೀಲ ತೆಗೆದು, ಗನ್ ನೆಲದ ಕಡೆ ಹಿಡಿದು, ಒಳಗೆ ಉಳಿದ ಗ್ಯಾಸ್ ಖಾಲಿ ಆಗೋವರೆಗೆ ಟ್ರಿಗರ್ ಒತ್ತಬೇಕು. ಬಾಲ್ ಬರ್ತಿಲ್ಲ, ಶಬ್ದವೂ ಇಲ್ಲ ಅಂತ ಖಾತ್ರಿ ಆದ ಮೇಲೆಯೇ ಬ್ಯಾರಲ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಬೇಕು.

ಬಣ್ಣ ಎಲ್ಲಿ ಅಂಟಿದೆ?

ಟ್ರ್ಯಾಕ್ಟರ್ ಕೂರಿಗೆಯಲ್ಲಿ ಶೇಂಗಾ ಬೀಜ ಒಡೆದು ಬಂದರೆ ರೈತ ಎಂಜಿನ್ ಬಿಚ್ಚೋದಿಲ್ಲ. ಬೀಜದ ಗಾತ್ರಕ್ಕೂ ಪ್ಲೇಟಿನ ತೂತಿಗೂ ಹೊಂದುತ್ತದೋ ಇಲ್ಲೋ ಅಂತ ಮೊದಲು ನೋಡುತ್ತಾನೆ. ಇಲ್ಲೂ ಹಂಗೇ. ಒಡೆದ ಬಣ್ಣ ಎಲ್ಲಿದೆ ಅನ್ನೋದೇ ಅರ್ಧ ಉತ್ತರ.

ಹಾಪರ್ ಕೂರುವ ಕತ್ತಿನಲ್ಲಿ, ಬೋಲ್ಟಿನ ಮುಖದ ಮೇಲೆ ಬಣ್ಣ, ಅರ್ಧರ್ಧ ಸಿಪ್ಪೆ ಸಿಕ್ಕರೆ ಬಾಲನ್ನು ಬೋಲ್ಟೇ ಕತ್ತರಿಸಿದೆ ಅಂತ ಅರ್ಥ. ಇದು ಹಾಪರ್, ಬಾಲ್ ತಡೆ ಅಥವಾ ಹೊಡೆಯೋ ಅವಸರದ ತಪ್ಪು.

ಕತ್ತು, ಬೋಲ್ಟ್ ಸ್ವಚ್ಛ ಇದ್ದು ಬಣ್ಣ ಬ್ಯಾರಲ್‌ನಲ್ಲಿ ಮಾತ್ರ ಇದ್ದರೆ ಬ್ಯಾರಲ್ ಕೊಳೆ, ಅಳತೆ ಅಥವಾ ವೇಗದ ಕಡೆ ನೋಡಬೇಕು.

ಬ್ಯಾರಲ್ ಕೂಡ ಸ್ವಚ್ಛ ಇದ್ದು ಬಾಲ್ ಗಾಳಿಯಲ್ಲೇ ಚೂರಾಗುತ್ತಿದ್ದರೆ ಬಾಲ್ ಬಿರುಸಾಗಿದೆ, ಇಲ್ಲವೇ ವೇಗ ಹೆಚ್ಚಾಗಿದೆ.

ಖರ್ಚಿಲ್ಲದ ಪರೀಕ್ಷೆ ಬಾಲಿನದ್ದು

ಡಬ್ಬಿಯಿಂದ ಹತ್ತು ಬಾಲ್ ತೆಗೆದು ನೋಡಿದರೆ ಸಾಕು. ದುಂಡಗಿರಬೇಕು. ಒಂದು ಕಡೆ ತಗ್ಗು ಬಿದ್ದಿದ್ದರೆ, ಮೈ ಜಿಡ್ಡಾಗಿದ್ದರೆ, ಒಂದಕ್ಕೊಂದು ಅಂಟಿದ್ದರೆ ಅವು ಆಟಕ್ಕಲ್ಲ. ಆಳೆತ್ತರದಿಂದ ಗಟ್ಟಿ ನೆಲದ ಮೇಲೆ ಬಿಡಬೇಕು. ಚಲೋ ಬಾಲ್ ಒಂದೆರಡು ಸಲ ಪುಟಿದು ಆಮೇಲೆ ಒಡೆಯುತ್ತದೆ. ಸೊಂಟದ ಎತ್ತರದಿಂದ ಬಿಟ್ಟರೇ ಒಡೆದರೆ ಬಿರುಸಾಗಿದೆ. ಎಷ್ಟು ಬಿಟ್ಟರೂ ರಬ್ಬರಿನಂಗ ಪುಟಿಯುತ್ತಿದ್ದರೆ ತೇವ ಕುಡಿದಿದೆ. ಅದು ಉಬ್ಬಿಕೊಂಡು ಬ್ಯಾರಲ್‌ನಲ್ಲಿ ಸಿಕ್ಕಿಬಿದ್ದು ಒಡೆಯುತ್ತದೆ, ಎದುರಿನವನಿಗೆ ಬಿದ್ದರೆ ಒಡೆಯದೆ ಬರೇ ಬಾಸುಂಡೆ ಎಬ್ಬಿಸುತ್ತದೆ.

ಸ್ಟಾಕ್ ಇಡುವ ಅಂಗಡಿಯವರಿಗೂ ಇದರಲ್ಲಿ ಪಾಠ ಇದೆ. ಬಾಲ್ ಡಬ್ಬಿ ತಗಡಿನ ಶೀಟಿನ ಕೆಳಗೆ, ಹಸಿ ಗೋಡೆಗೆ ಒತ್ತಿ, ಫ್ರಿಜ್ಜಿನಲ್ಲಿ ಇಡಬಾರದು. 15ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವ ಒಣ ಜಾಗ, ಮುಚ್ಚಿದ ಚೀಲ ಚಲೋ. ಒಂದೇ ಮಗ್ಗುಲಲ್ಲಿ ಬಹಳ ದಿನ ಬಿಟ್ಟರೆ ತಗ್ಗು ಬೀಳುವುದರಿಂದ ಆಗಾಗ ಡಬ್ಬಿ ಹೊರಳಿಸಿ ಇಡಬೇಕು. ವರ್ಷಗಟ್ಟಲೆ ಇಟ್ಟು ಮಾರುವ ಮಾಲು ಇದಲ್ಲ. ಮಳೆಗಾಲಕ್ಕೆ ಮುಂಚೆ ಅಗ್ಗಕ್ಕೆ ಸಿಕ್ತು ಅಂತ ರಾಶಿ ತಂದರೆ ದೀಪಾವಳಿ ಹೊತ್ತಿಗೆ ಬಾಲ್ ಗಂಟು ಕಟ್ಟಿ ನಷ್ಟ ಆಗಬಹುದು.

ಆಟದ ಮಧ್ಯೆ ನೆಲಕ್ಕೆ ಬಿದ್ದ ಬಾಲ್ ಎತ್ತಿ ಹಾಪರಿಗೆ ಹಾಕೋ ಚಟ ಬಹಳ ಜನರಿಗಿದೆ. ಎರೆಮಣ್ಣಿನ ಒಂದು ಹರಳು ಅಂಟಿದ್ದರೂ ಸಾಕು, ಸಿಪ್ಪೆಗೆ ಗೀರು ಬಿದ್ದು ಬ್ಯಾರಲ್‌ನಲ್ಲೇ ಒಡೆಯುತ್ತದೆ. ಒಂದು ಬಾಲ್ ಉಳಿಸಲು ಹೋಗಿ ಹತ್ತು ಹಾಳು. ಬೆವರು ಕೈಯಿಂದ ತುಂಬುವುದು, ತೊಳೆದ ಹಾಪರ್ ಹಸಿ ಇರುವಾಗಲೇ ತುಂಬುವುದೂ ಅದೇ ಲೆಕ್ಕ. ಬಿದ್ದ ಬಾಲ್ ಆರಿಸಿ ಕಸಕ್ಕೆ ಹಾಕುವುದೇ ಸರಿ. ನಾಯಿ ತಿಂದರೆ ಅದಕ್ಕೆ ವಿಷವಾಗುತ್ತದೆ ಅನ್ನೋದೂ ನೆನಪಿರಲಿ.

ಬೋಲ್ಟ್ ಕತ್ತರಿಸುತ್ತಿದ್ದರೆ

ಸಾದಾ ಹಾಪರಿನಲ್ಲಿ ಬಾಲ್ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ. ಹುಡುಗರು ಸಿನಿಮಾದಂಗ ಟ್ರಿಗರ್ ಒತ್ತುತ್ತ ಹೋದರೆ ಬಾಲ್ ಪೂರ್ತಿ ಇಳಿಯೋ ಮೊದಲೇ ಬೋಲ್ಟ್ ಮುಂದೆ ನುಗ್ಗಿ ಅರ್ಧಕ್ಕೆ ಕತ್ತರಿಸುತ್ತದೆ. ಒಂದೊಂದೇ, ನಿಧಾನಕ್ಕೆ ಹೊಡೆದು ನೋಡಬೇಕು. ನಿಧಾನಕ್ಕೆ ಹೊಡೆದಾಗ ಒಡೆಯದಿದ್ದರೆ ಗನ್ನಿಗೆ ರೋಗ ಇಲ್ಲ. ಆಗಾಗ ಹಾಪರ್ ಅಲುಗಾಡಿಸಿಕೊಂಡು ಆಡಬೇಕು, ಇಲ್ಲಾ ಬ್ಯಾಟರಿಯಿಂದ ಬಾಲ್ ತಳ್ಳುವ ಹಾಪರ್ ಹಾಕಿಕೊಳ್ಳಬೇಕು.

ನಿಧಾನಕ್ಕೆ ಹೊಡೆದರೂ ಕತ್ತರಿಸುತ್ತಿದ್ದರೆ ಬಾಲ್ ತಡೆ ನೋಡಬೇಕು. ಬೋಲ್ಟಿನ ಮುಂದೆ ಒಂದೇ ಬಾಲ್ ನಿಲ್ಲಬೇಕು, ಅದು ಮುಂದಕ್ಕೆ ಉರುಳಬಾರದು. ಅದಕ್ಕಾಗಿ ಅಲ್ಲಿ ರಬ್ಬರಿನದೋ ಸ್ಪ್ರಿಂಗಿನದೋ ಒಂದು ಚಿಕ್ಕ ಮೊಳೆಯಂಥ ತಡೆ ಇರುತ್ತದೆ. ಅದು ಸವೆದರೆ ಮೊದಲ ಬಾಲ್ ಬ್ಯಾರಲ್ ಕಡೆ ಜಾರುತ್ತದೆ, ಖಾಲಿ ಜಾಗಕ್ಕೆ ಎರಡನೆಯದು ಇಣುಕುತ್ತದೆ, ಬೋಲ್ಟಿನ ಬಾಯಿಗೆ ಸಿಗುತ್ತದೆ. ಪರೀಕ್ಷೆ ಸರಳ. ಗ್ಯಾಸ್, ಹಾಪರ್, ಬ್ಯಾರಲ್ ಮೂರನ್ನೂ ತೆಗೆದು, ಬೋಲ್ಟ್ ಹಿಂದೆ ಎಳೆದು ನಿಲ್ಲಿಸಿ, ಕತ್ತಿನಿಂದ ಒಂದು ಬಾಲ್ ಬಿಡಬೇಕು. ಟ್ರಿಗರ್ ಮುಟ್ಟದೆ, ಬೆರಳು ಒಳಗೆ ಹಾಕದೆ ಗನ್ ಮೂತಿ ಕೆಳಗೆ ಮಾಡಬೇಕು. ಬಾಲ್ ನಿಂತರೆ ತಡೆ ಸರಿ ಇದೆ. ತಾನೇ ಉರುಳಿ ಬಿದ್ದರೆ ಹೊಸ ತಡೆ ಹಾಕಿಸಬೇಕು. ಬಹಳ ಸಣ್ಣ ಸಾಮಾನು, ಆದರೆ ಸೆಟ್ ತರುವಾಗಲೇ ನಾಲ್ಕು ಹೆಚ್ಚಿಗೆ ತಂದಿಟ್ಟುಕೊಂಡರೆ ಭಾನುವಾರದ ಆಟ ನಿಲ್ಲೋದಿಲ್ಲ.

ಬ್ಯಾರಲ್‌ನಲ್ಲಿ ಒಡೆಯುತ್ತಿದ್ದರೆ

ಒಮ್ಮೆ ಒಡೆದರೆ ಮುಂದಿನ ಬಾಲೂ ಒಡೆಯೋದು ಗ್ಯಾರಂಟಿ ಅಂದಂಗ. ಒಳಗೆ ಉಳಿದ ಸಿಪ್ಪೆ ಚೂರಿಗೆ ತಾಗಿ ಮುಂದಿನದು ಒಡೆಯುತ್ತದೆ, ಒಡೆಯದಿದ್ದರೆ ಅಡ್ಡಾದಿಡ್ಡಿ ಹಾರುತ್ತದೆ. "ನಾಲ್ಕು ಹೊಡೆದ್ರ ತಾನೇ ಸ್ವಚ್ಛ ಆಗ್ತದ" ಅನ್ನೋದು ಸುಳ್ಳು. ಬ್ಯಾರಲ್ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಣ ಬಟ್ಟೆ ಎಳೆದು, ಪೂರ್ತಿ ಒಣಗಿಸಿ ಹಾಕಬೇಕು. ಬೋಲ್ಟ್ ಮುಖ, ಕತ್ತು, ಹಾಪರಿನ ತಳ ಮೂರನ್ನೂ ಒರೆಸಬೇಕು.

ಆಮೇಲೆ ಅಳತೆ. ಎಲ್ಲ 0.68 ಬಾಲ್ ಒಂದೇ ಗಾತ್ರ ಇರೋದಿಲ್ಲ, ಕಂಪನಿಯಿಂದ ಕಂಪನಿಗೆ ಕೂದಲೆಳೆಯಷ್ಟು ಫರಕ್ ಇರುತ್ತದೆ. ಬಿಚ್ಚಿದ ಬ್ಯಾರಲ್ಲಿಗೆ ಹಿಂದಿನಿಂದ ಒಂದು ಬಾಲ್ ಹಾಕಬೇಕು. ತಾನೇ ಜಾರಿ ಹೊರಗೆ ಬಿದ್ದರೆ ಸಡಿಲ. ಬಾಯಿಂದ ಜೋರಾಗಿ ಊದಿದರೂ ಅಲುಗದಿದ್ದರೆ ಬಿಗಿ. ಹಾಕಿದಾಗ ನಿಂತು, ಊದಿದಾಗ ಹೊರಗೆ ಬಂದರೆ ಸರಿಯಾದ ಜೋಡಿ. ಬಿಗಿ ಇದ್ದಲ್ಲಿ ಬಾಲ್ ಬದಲಿಸಬೇಕು, ಇಲ್ಲಾ ಬ್ಯಾರಲ್ ಬದಲಿಸಬೇಕು. ಸ್ಕ್ರೂ ತಿರುಗಿಸಿದರೆ ಇದು ಸರಿ ಹೋಗೋದಿಲ್ಲ.

ಮೂರನೆಯದು ವೇಗ. ದೂರ ಹೋಗಲಿ ಅಂತ ವೇಗದ ಸ್ಕ್ರೂ ತಿರುಗಿಸಿ ಬಿಟ್ಟವರೇ ಹೆಚ್ಚು. ವೇಗ ಹೆಚ್ಚಾದಷ್ಟೂ ಬಾಲಿಗೆ ಬೀಳೋ ಹೊಡೆತ ಹೆಚ್ಚು, ಎದುರಿನವನಿಗೆ ಪೆಟ್ಟೂ ಹೆಚ್ಚು. ವೇಗ ಅಳೆಯೋ ಕ್ರೋನೋಗ್ರಾಫ್ ಯಂತ್ರ ಇಲ್ಲದೆ ಸ್ಕ್ರೂ ಮುಟ್ಟಬಾರದು. ನಾಲ್ಕೈದು ಸಲ ಹೊಡೆದು, ಪ್ರತಿ ಸಲವೂ 300 ಅಡಿಯ ಒಳಗೇ ಇದೆ ಅಂತ ನೋಡಿಯೇ ಆಟಕ್ಕೆ ಕೊಡಬೇಕು.

ಗ್ಯಾಸ್ ಬಾಟಲಿಗೂ ಬಿಸಿಲಿಗೂ ಆಗಿಬರೋದಿಲ್ಲ

ಬೆಳಿಗ್ಗೆ ಸರಿ ಇದ್ದ ಗನ್ ಮಧ್ಯಾಹ್ನ ಬಾಲ್ ಒಡೆಯಲು ಶುರು ಮಾಡಿದರೆ ಬಾಟಲಿ ಕಡೆ ನೋಡಬೇಕು. ಕಾರ್ಬನ್ ಡೈಆಕ್ಸೈಡ್ ಬಾಟಲಿಯೊಳಗೆ 21 ಡಿಗ್ರಿ ಬಿಸಿಯಲ್ಲಿ ಒತ್ತಡ ಸುಮಾರು 850 ಪಿಎಸ್‌ಐ. ಇಲ್ಲಿ ಪಿಎಸ್‌ಐ ಅಂದರೆ ಠಾಣೆಯ ಸಾಹೇಬರಲ್ಲ, ಒತ್ತಡದ ಅಳತೆ. ಕಾರಿನ ಟೈರಿಗೆ ಹಾಕೋದು 30–35. ಬಿಸಿಲಿನಲ್ಲಿ ಬಾಟಲಿ ಕಾದರೆ ಇದು ಸಾವಿರ ದಾಟುತ್ತದೆ, ಬಾಲಿನ ವೇಗವೂ ಏರುತ್ತದೆ. ಹೋಳಿ, ರಂಗಪಂಚಮಿ ಹೊತ್ತಿನ ಬಿಸಿಲಿನಲ್ಲಿ ಆಟ ಇಟ್ಟುಕೊಂಡವರು ಬಾಟಲಿ ನೆರಳಲ್ಲಿ ಇಡಬೇಕು, ಮಧ್ಯಾಹ್ನ ಮತ್ತೊಮ್ಮೆ ವೇಗ ಅಳೆಯಬೇಕು.

ಉಲ್ಟಾ ತೊಂದರೆಯೂ ಇದೆ. ಒಂದೇ ಸಮನೆ ಹೊಡೆದಾಗ, ಗನ್ ಮೂತಿ ಕೆಳಗೆ ಮಾಡಿಕೊಂಡು ಹೊಡೆದಾಗ ಬಾಟಲಿಯ ದ್ರವವೇ ಗನ್ನಿಗೆ ನುಗ್ಗಿ ಎಲ್ಲ ಮಂಜುಗಟ್ಟುತ್ತದೆ, ತಣ್ಣಗಾದ ಬಾಲ್ ಚೂರಾಗುತ್ತದೆ. ಗನ್ ಮೇಲೆ ಬಿಳಿ ಮಂಜು ಕಂಡರೆ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಅತಿ ಒತ್ತಡದ ಗಾಳಿ ಬಾಟಲಿ, ರೆಗ್ಯುಲೇಟರ್ ಇರುವ ಗನ್ನುಗಳಿಗೆ ಈ ಕಾಟ ಕಡಿಮೆ. ಬಾಟಲಿ ಯಾವುದೇ ಇರಲಿ, ಪರವಾನಗಿ ಇದ್ದವರ ಹತ್ತಿರವೇ ತುಂಬಿಸಬೇಕು. ಬಾಟಲಿ ಮೇಲೆ ಒತ್ತಿದ ಪರೀಕ್ಷೆಯ ತಾರೀಖಿನ ಅವಧಿ ಮುಗಿದಿದ್ದರೆ ತುಂಬಿಸಬಾರದು.

ಬೈಕಿನ ಆಯಿಲ್ ಬೇಡ

ಗ್ಯಾರೇಜಿನ ಆಯಿಲ್, ಡಬ್ಲ್ಯೂಡಿ-40, ಪೆಟ್ರೋಲ್ ಹಾಕಿ ತೊಳೆಯೋದು ಸಲ್ಲದು. ಒಳಗಿನ ರಬ್ಬರ್ ರಿಂಗುಗಳು ಉಬ್ಬಿ ಗ್ಯಾಸ್ ಸೋರುತ್ತದೆ. ಗನ್ ಕಂಪನಿ ಹೇಳಿದ ಎಣ್ಣೆ, ಅದೂ ಒಂದೆರಡು ಹನಿ ಸಾಕು. ಬ್ಯಾರಲ್ ಒಳಗೆ ಎಣ್ಣೆ ಹಾಕಲೇಬಾರದು.

ಒಟ್ಟು ಲೆಕ್ಕ

ಹಾಗಾದರೆ ಪಾಳಿ ಇಷ್ಟೇ: ಮೊದಲು ಸ್ವಚ್ಛ ಮಾಡೋದು, ಆಮೇಲೆ ಬೇರೆ ಡಬ್ಬಿಯ ಹೊಸ ಬಾಲ್, ಆಮೇಲೆ ನಿಧಾನಕ್ಕೆ ಹೊಡೆಯೋದು, ಬಾಲ್ ತಡೆ, ಬ್ಯಾರಲ್ ಅಳತೆ, ಕೊನೆಗೆ ವೇಗ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಹತ್ತು ಬಾಲ್ ಹೊಡೆದು ನೋಡಬೇಕು. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿ ಆಯ್ತು ಅಂತ ಗೊತ್ತೇ ಆಗೋದಿಲ್ಲ. ಇಷ್ಟೂ ಮಾಡಿದ ಮೇಲೂ ಒಡೆಯುತ್ತಿದ್ದರೆ ಬೋಲ್ಟಿನ ಅಂಚು ಚೂಪಾಗಿರಬಹುದು, ಒಳಗಿನ ಸ್ಪ್ರಿಂಗ್ ಸವೆದಿರಬಹುದು. ಅದು ಗೊತ್ತಿದ್ದವರ ಕೆಲಸ.

ಹಳೇ ಸೆಟ್ ಖರೀದಿಗೆ ಹೋಗುವವರು ಮಾತಿಗೆ ಮರುಳಾಗದೆ ತಮ್ಮದೇ ಹೊಸ ಬಾಲ್ ಒಯ್ದು, ಪ್ರತಿ ಗನ್ನಿನಿಂದ ಇಪ್ಪತ್ತು ಬಾಲ್ ಹೊಡೆದು ನೋಡಿ ದರ ಮಾತಾಡೋದು ಜಾಣತನ. ಗನ್ನಿನ ಜೊತೆ ಬರುವ ಮಾಸ್ಕುಗಳನ್ನೂ ಎಣಿಸಿ, ಬೆಳಕಿಗೆ ಹಿಡಿದು ನೋಡಬೇಕು. ಗಾಜಿನಲ್ಲಿ ಬಿರುಕಿದ್ದ ಮಾಸ್ಕ್ ಒಂದಿದ್ದರೂ ಅದನ್ನು ಅಲ್ಲೇ ಬಿಟ್ಟು ಬರಬೇಕು.