ಹಗರಿ ಕಣಿವೆಗೆ ಸೈಕಲ್ ಹೊರಡುವ ಮುನ್ನ

ಜೀನ್ಸ್ ಖರೀದಿಗೆ ಬಳ್ಳಾರಿ, ರಾಯದುರ್ಗಕ್ಕೆ ಹೋಗುವಾಗಲೆಲ್ಲ ಬಸ್ಸಿನಿಂದ ಓಬಳಾಪುರದ ಕೆಂಪು ಗುಡ್ಡ ನೋಡುತ್ತಿದ್ದೆ. ಕಳೆದ ಡಿಸೆಂಬರಿನಲ್ಲಿ ನಾವು ಮೂವರು ಗೆಳೆಯರು ಅದೇ ದಾರಿಯಲ್ಲಿ ಹಗರಿ ಹೊಳೆಯವರೆಗೆ ಸೈಕಲ್ ತುಳಿದೆವು. ಎರಡನೇ ದಿನ ಮಧ್ಯಾಹ್ನ ಒಬ್ಬ ತಲೆಸುತ್ತಿ ಬಿದ್ದೇಬಿಟ್ಟ. ತಪ್ಪು ನಮ್ಮದೇ. ಹೊಳೆ ಪಕ್ಕದಲ್ಲೇ ಇದೆಯಲ್ಲ ಎಂದು ತಲಾ ಒಂದೇ ಬಾಟ್ಲಿ ನೀರು ಹಿಡಿದಿದ್ದೆವು.

ನೇತ್ರಾವತಿ ನೋಡಿ ಬೆಳೆದ ನಮಗೆ ಹೊಳೆ ಎಂದರೆ ನೀರು. ಹಗರಿ, ಅಂದರೆ ವೇದಾವತಿ, ಹುಟ್ಟುವುದು ಬಾಬಾಬುಡನ್‌ಗಿರಿ ಸೀಮೆಯಲ್ಲೇ. ಆದರೆ ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಮುಂದೆ ರಾಯದುರ್ಗದ ಕಡೆ ಭೈರವಾನಿತಿಪ್ಪ ಅಣೆಕಟ್ಟು ಅದನ್ನು ತಡೆಯುತ್ತವೆ. ಮಳೆಯೂ ಕಡಿಮೆ. ಹಾಗಾಗಿ ವರ್ಷದ ಹೆಚ್ಚಿನ ದಿನ ಅಲ್ಲಿ ಬರೀ ಮರಳು.

ಹೋಗುವ ಹುಡುಗರು ಹೀಗೆ ಮಾಡಿ:

ಕಾಲ: ನವೆಂಬರಿನಿಂದ ಜನವರಿ.

ಮೊದಲ ದಿನ: ಬಳ್ಳಾರಿಯಿಂದ ಓಬಳಾಪುರದ ಮೇಲೆ ರಾಯದುರ್ಗ, ಸುಮಾರು 50 ಕಿ.ಮೀ. ಫಜ್ರ್ ಮುಗಿಸಿ ಹೊರಟರೆ ಬಿಸಿಲೇರುವ ಮೊದಲು ತಲುಪಬಹುದು. ಗಣಿ ಪ್ರದೇಶದೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ. ಸಂಜೆ ಕೋಟೆ ಬೆಟ್ಟ ಹತ್ತಿ, ಕತ್ತಲಾಗುವ ಮೊದಲೇ ಇಳಿಯಿರಿ. ಈ ಬಂಡೆಗುಡ್ಡಗಳು ಕರಡಿಯ ಸೀಮೆ.

ಎರಡನೇ ದಿನ: ಬೆಳಗ್ಗೆಯೇ ಭೈರವಾನಿತಿಪ್ಪಕ್ಕೆ ಹೋಗಿ. ಮಧ್ಯಾಹ್ನ ನೆರಳಲ್ಲಿ ಕೂತು, ಬಿಸಿಲು ತಗ್ಗಿದ ಮೇಲೆ ವಾಪಸ್.

ಸಾಮಾನು: ತಲಾ 4 ಲೀಟರ್ ನೀರು, ಓಆರ್‌ಎಸ್, ಟೋಪಿ. ಜಾಲಿಮುಳ್ಳಿಗೆ ಟಯರ್ ಉಳಿಯುವುದಿಲ್ಲ, ಪಂಕ್ಚರ್ ಕಿಟ್ ಮತ್ತು ಎರಡು ಟ್ಯೂಬ್ ಇರಲಿ.

ಭಾಷೆಯ ಚಿಂತೆ ಬೇಡ, ಗಡಿಯ ಊರು, ತೆಲುಗಿನ ಜೊತೆ ಕನ್ನಡವೂ ನಡೆಯುತ್ತದೆ. ಪ್ರತಿ ಊರಲ್ಲೂ ಮುಂದೆ ನೀರು ಎಲ್ಲಿ ಸಿಗುತ್ತದೆಂದು ಕೇಳಿಯೇ ಹೊರಡಿ. ಅಂದು ನಮ್ಮ ಗೆಳೆಯನನ್ನು ನೆರಳಿಗೆ ಮಲಗಿಸಿ ನೀರು ಕುಡಿಸಿದ್ದು ಒಬ್ಬ ಟೀ ಅಂಗಡಿಯವರು. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ.