ಸ್ವರ್ಗ ಕಂಡು ಬಂದ ಬಾಲಕ ಹೇಳಿದ ಸತ್ಯ

ಮರಣದಾಚೆ ಏನಿದೆ ಎಂಬ ಕುತೂಹಲ ಯಾರಿಗಿಲ್ಲ? ಸತ್ತು ಬದುಕಿ ಬಂದೆ, ಅಲ್ಲಿ ಇಂಥದ್ದನ್ನು ಕಂಡೆ ಎಂದು ಯಾರಾದರೂ ಹೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತೇವೆ. ಹೇಳುವುದು ಮಗುವಾದರಂತೂ ಸಂಶಯಪಡಲು ಮನಸ್ಸೇ ಬಾರದು. ಅಮೆರಿಕದಲ್ಲಿ ಮನೆಮಾತಾದ ಅಂಥದೊಂದು ಅನುಭವ ಕಥನದ ಹಿನ್ನೆಲೆಯನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು.

2004ರ ನವೆಂಬರ್‌ನಲ್ಲಿ ಓಹಾಯೊ ರಾಜ್ಯದ ಕೆವಿನ್ ಮಲಾರ್ಕಿ ಎಂಬವರು ತಮ್ಮ ಆರು ವರ್ಷದ ಮಗ ಅಲೆಕ್ಸ್‌ನೊಂದಿಗೆ ಹೋಗುತ್ತಿದ್ದ ಕಾರು ಭೀಕರ ಅಪಘಾತಕ್ಕೀಡಾಯಿತು. ಬಾಲಕ ಎರಡು ತಿಂಗಳು ಪ್ರಜ್ಞಾಹೀನನಾಗಿದ್ದ. ಎಚ್ಚರಗೊಂಡಾಗ ಕೈಕಾಲುಗಳ ಸ್ವಾಧೀನ ತಪ್ಪಿತ್ತು. 2010ರಲ್ಲಿ ತಂದೆ ಮತ್ತು ಮಗನ ಹೆಸರಿನಲ್ಲಿ ಒಂದು ಪುಸ್ತಕ ಹೊರಬಂತು. ‘ಸ್ವರ್ಗದಿಂದ ಮರಳಿ ಬಂದ ಬಾಲಕ’ ಎಂಬುದು ಅದರ ಹೆಸರಿನ ಅರ್ಥ. ಆಸ್ಪತ್ರೆಯ ದಿನಚರಿ, ಕುಟುಂಬದ ಕಷ್ಟ, ಹಿತೈಷಿಗಳ ಪ್ರಾರ್ಥನೆ ಇವುಗಳ ನಡುವೆ ದೇವಚರರ ಭೇಟಿ, ಸ್ವರ್ಗದ ವರ್ಣನೆ, ಸೈತಾನನ ದರ್ಶನ ಎಲ್ಲವೂ ಅದರಲ್ಲಿದ್ದವು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಜನರು ಇದನ್ನು ನಂಬಿದ್ದೇಕೆ? ಅಪಘಾತ ನಿಜ, ಗಾಲಿಕುರ್ಚಿಯಲ್ಲಿರುವ ಮಗು ನಿಜ, ಹೆತ್ತವರ ಕಣ್ಣೀರು ನಿಜ. ಹಾಗಾದರೆ ಉಳಿದದ್ದೂ ನಿಜವೇ ಇರಬೇಕು ಎಂದುಕೊಂಡರು. ಕಣ್ಣೆದುರಿನ ಸತ್ಯವೇ ಕಾಣದ ಸಂಗತಿಗೆ ಸಾಕ್ಷಿಯಾಗಿಬಿಟ್ಟಿತು.

ಆದರೆ ಹಗಲಿರುಳು ಮಗನ ಆರೈಕೆ ಮಾಡುತ್ತಿದ್ದ ತಾಯಿ ಬೆತ್, ಈ ಪುಸ್ತಕ ಸರಿಯಲ್ಲ, ಇದರಿಂದ ಮಗನಿಗೆ ಪ್ರಯೋಜನವೂ ಆಗುತ್ತಿಲ್ಲ ಎಂದು ಬಹಿರಂಗವಾಗಿಯೇ ಹೇಳುತ್ತಿದ್ದರು. ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. 2015ರ ಜನವರಿಯಲ್ಲಿ ಹದಿಹರೆಯದ ಅಲೆಕ್ಸ್ ಸ್ವತಃ ಬಹಿರಂಗ ಪತ್ರ ಬರೆದ. ತಾನು ಸತ್ತಿರಲಿಲ್ಲ, ಸ್ವರ್ಗಕ್ಕೆ ಹೋಗಿರಲಿಲ್ಲ, ಎಲ್ಲರ ಗಮನ ಸಿಗಬಹುದೆಂದು ಹಾಗೆ ಹೇಳಿದ್ದೆ ಎಂದು ಒಪ್ಪಿಕೊಂಡ. ಪ್ರಕಾಶಕರಾದ ಟಿಂಡೇಲ್ ಹೌಸ್ ಪುಸ್ತಕವನ್ನು ಹಿಂತೆಗೆದುಕೊಂಡಿತು. 2018ರಲ್ಲಿ ಅಲೆಕ್ಸ್ ಅದೇ ಸಂಸ್ಥೆಯ ವಿರುದ್ಧ ದಾವೆ ಹೂಡಿ, ಕಥೆಯನ್ನು ಬರೆದದ್ದು ತಂದೆ ಎಂದು ವಾದಿಸಿದ.

ಸೋದರಿಯರೇ, ಹಾಸಿಗೆಯಿಂದ ಏಳಲಾಗದ ಆರು ವರ್ಷದ ಕಂದನನ್ನು ಸುಳ್ಳುಗಾರನೆಂದು ಕರೆಯಲು ಯಾರಿಗೆ ಮನಸ್ಸಾದೀತು? ತೀವ್ರ ನಿಗಾ ಘಟಕದಲ್ಲಿ ದೀರ್ಘಕಾಲ ಇದ್ದ ರೋಗಿಗಳಿಗೆ ಔಷಧಿ ಮತ್ತು ನಿದ್ರಾಭಂಗದಿಂದ ಭ್ರಮೆಗಳು ಕಾಣುವುದು ವೈದ್ಯರಿಗೆ ಹೊಸದಲ್ಲ. ಮಕ್ಕಳ ಮನಸ್ಸಂತೂ ಬಹಳ ಮೃದು. 1990ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀಫನ್ ಸೆಸಿ ಮತ್ತು ಸಂಗಡಿಗರು, ‘ನಿನ್ನ ಬೆರಳು ಇಲಿಬೋನಿಗೆ ಸಿಕ್ಕಿತ್ತೇ?’ ಎಂಬಂಥ ನಡೆಯದ ಸಂಗತಿಗಳನ್ನೇ ಪುಟ್ಟ ಮಕ್ಕಳಲ್ಲಿ ವಾರಗಟ್ಟಲೆ ಕೇಳಿ ನೋಡಿದರು. ಕೊನೆಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅವುಗಳಲ್ಲಿ ಒಂದನ್ನಾದರೂ ನಡೆದದ್ದೆಂದು ನಂಬಿ ವಿವರಿಸತೊಡಗಿದ್ದರು! ಹಿರಿಯರು ಏನನ್ನು ಕೇಳಬಯಸುತ್ತಾರೋ ಅದನ್ನು ಮಗು ಬಹುಬೇಗ ಗ್ರಹಿಸುತ್ತದೆ.

ಆದ್ದರಿಂದ ಜ್ವರದ ತಾಪದಲ್ಲಿ ನಿಮ್ಮ ಮಗು, ತೀರಿಕೊಂಡ ಅಜ್ಜಿಯನ್ನು ಕಂಡೆನೆಂದರೆ ಗದರಿಸಬೇಡಿ. ತಲೆ ಸವರಿ ಕೇಳಿಸಿಕೊಳ್ಳಿ, ವೈದ್ಯರಿಗೆ ತಿಳಿಸಿ. ಆದರೆ ‘ಅಜ್ಜಿ ಬಿಳಿ ಬಟ್ಟೆ ಉಟ್ಟಿದ್ದರೇ? ನನ್ನನ್ನು ಕೇಳಿದರೇ?’ ಎಂದು ಕೆದಕಬೇಡಿ. ನೆರೆಯವರನ್ನು ಕರೆದು ಮತ್ತೆ ಮತ್ತೆ ಹೇಳಿಸಬೇಡಿ. ಮಗುವಿನ ಮಾತು ನಮ್ಮ ಕೈಯಲ್ಲಿರುವ ಅಮಾನತ್.

ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಮಗುವಿನ ಮರಣಕ್ಕಾಗಿಯೇ ಸೂರ್ಯ ಕಪ್ಪಾಯಿತೆಂದು ಜನ ಮಾತಾಡಿಕೊಂಡರು. ದುಃಖದಲ್ಲಿದ್ದ ಆ ತಂದೆ ಸುಮ್ಮನಿದ್ದಿದ್ದರೆ ಸಾಕಿತ್ತು, ಅದೊಂದು ಪವಾಡವಾಗಿ ಉಳಿಯುತ್ತಿತ್ತು. ಆದರೆ ಪ್ರವಾದಿ(ಸ) ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ನಿದರ್ಶನಗಳು, ಯಾರ ಮರಣಕ್ಕಾಗಿಯೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಜನರಿಗೆ ಸ್ಪಷ್ಟವಾಗಿ ತಿಳಿಸಿದರು.

ಅಗೋಚರದಲ್ಲಿ ವಿಶ್ವಾಸವಿಡುವುದು ಬೇರೆ, ಅಗೋಚರದ ಹೆಸರಿನಲ್ಲಿ ಬಂದ ಪ್ರತಿಯೊಂದು ಕಥೆಯನ್ನೂ ನಂಬುವುದು ಬೇರೆ. ಈ ವ್ಯತ್ಯಾಸವನ್ನು ಮಕ್ಕಳು ಮೊದಲು ಕಲಿಯುವುದು ತಾಯಿಯ ಮಡಿಲಲ್ಲೇ ಅಲ್ಲವೇ?