‘ಹೇಗೂ ಬೀಳೋ ಹಲ್ಲು’ ಎನ್ನುವ ಮುನ್ನ

ತಪ್ಪು ಕಲ್ಪನೆ: ಹಾಲುಹಲ್ಲು ಹೇಗೂ ಬೀಳುತ್ತದೆ, ಹುಳುಕಾದರೂ ಚಿಂತೆಯಿಲ್ಲ.

ವಾಸ್ತವ: ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ದವಡೆಯ ಹಾಲುಹಲ್ಲುಗಳು ಮಾತ್ರ ಹತ್ತು-ಹನ್ನೆರಡು ವರ್ಷದವರೆಗೂ ಇರಬೇಕಾದವು. ಮೂರನೇ ವರ್ಷಕ್ಕೇ ಅವು ಹುಳುಕಾದರೆ ಮಗು ಇನ್ನು ಏಳೆಂಟು ವರ್ಷ ರೊಟ್ಟಿ ಅಗಿಯುವುದು ಹೇಗೆ? ನೋವಿಗೆ ಒಂದೇ ಕಡೆ ಅಗಿಯುತ್ತದೆ, ಊಟ ಬಿಡುತ್ತದೆ, ರಾತ್ರಿ ಎದ್ದು ಅಳುತ್ತದೆ. ಬೇರಿನಲ್ಲಿ ಕೀವು ಕಟ್ಟಿದರೆ ಅದರಡಿ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಪೆಟ್ಟು ಬೀಳಬಹುದು. ಅವಧಿಗೆ ಮುಂಚೆ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿಕೊಂಡು, ಮುಂದೆ ಬರುವ ಹಲ್ಲು ಎಡೆಯಿಲ್ಲದೆ ಸೊಟ್ಟಗೆ ಹುಟ್ಟುತ್ತದೆ. ಇನ್ನೊಂದು ಮಾತು: ಆರನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಹುಟ್ಟುವ ದವಡೆ ಹಲ್ಲು ಶಾಶ್ವತವಾದದ್ದು. ಅದನ್ನೂ ಹಾಲುಹಲ್ಲೆಂದು ತಿಳಿದು ಕಳೆದುಕೊಳ್ಳುವುದು ನಿಜಕ್ಕೂ ಸಂಕಟದ ಸಂಗತಿ.

ತಪ್ಪು ಕಲ್ಪನೆ: ಚಾಕೊಲೇಟ್ ಕೊಡದಿದ್ದರೆ ಸಾಕು, ಹಾಲಿನಿಂದ ಏನಾಗುತ್ತದೆ?

ವಾಸ್ತವ: ಎಳೆಯ ಮಕ್ಕಳ ಹಲ್ಲನ್ನು ಹೆಚ್ಚಾಗಿ ಹಾಳುಮಾಡುವುದು ರಾತ್ರಿಯ ಬಾಟಲಿ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತದೆ, ಆಮ್ಲ ಹಲ್ಲಿನ ಸುಣ್ಣದಂಶವನ್ನು ಕರಗಿಸುತ್ತದೆ. ಹಗಲಲ್ಲಿ ಜೊಲ್ಲು ಅದನ್ನು ತೊಳೆಯುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದೇ ಕಡಿಮೆ. ಸಕ್ಕರೆ ಬೆರೆಸಿದ ಹಾಲು ಮೇಲ್ಸಾಲಿನ ಮುಂದಿನ ನಾಲ್ಕು ಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಂತಿರುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಬಚಾವಾಗುತ್ತವೆ. ಮೇಲಿನ ನಾಲ್ಕು ಸವೆದು ಕಂದಿ, ಕೆಳಗಿನವು ಬೆಳ್ಳಗಿರುವ ಬಾಯಿ ಕಂಡರೆ ಬಾಟಲಿಯ ಗುಮಾನಿ ಬರುವುದು ಇದರಿಂದಲೇ. ಹಾಲು ಕುಡಿಸಿ, ಹಲ್ಲುಜ್ಜಿ, ಆಮೇಲೆ ಮಲಗಿಸಿ. ನಡುರಾತ್ರಿ ಬಾಯಾರಿದರೆ ನೀರು ಸಾಕು.

ತಪ್ಪು ಕಲ್ಪನೆ: ಬೆಲ್ಲ, ಜೇನುತುಪ್ಪ ಹಲ್ಲಿಗೆ ಏನೂ ಮಾಡುವುದಿಲ್ಲ.

ವಾಸ್ತವ: ಬ್ಯಾಕ್ಟೀರಿಯಾಕ್ಕೆ ಎಲ್ಲ ಸಿಹಿಯೂ ಒಂದೇ. ಒಂದು ವರ್ಷದೊಳಗಿನ ಕೂಸಿಗಂತೂ ಜೇನು ಬೇಡವೇ ಬೇಡ. ಸಿಹಿ ಎಷ್ಟು ತಿಂದಿತು ಎನ್ನುವುದರ ಜೊತೆಗೆ ಎಷ್ಟು ಸಲ ತಿಂದಿತು ಎಂದೂ ನೋಡಿ. ಊಟದ ಜೊತೆ ಒಂದು ಮೈಸೂರು ಪಾಕ್ ತಿಂದು ಮುಗಿಸುವ ಮಗುವಿಗಿಂತ, ದಿನವಿಡೀ ಬಿಸ್ಕೆಟ್ ಚೀಪುತ್ತ ಓಡಾಡುವ ಮಗುವಿನ ಹಲ್ಲಿಗೇ ಅಪಾಯ ಹೆಚ್ಚು.

ತಪ್ಪು ಕಲ್ಪನೆ: ಫ್ಲೋರೈಡ್ ವಿಷ, ಮಕ್ಕಳಿಗೆ ಅಂಥ ಪೇಸ್ಟ್ ಹಾಕಬಾರದು.

ವಾಸ್ತವ: ಪಾವಗಡ, ಮುಂಡರಗಿಯಂಥ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾಗಿ, ಮೂಳೆ ಬಾಗಿದವರನ್ನು ಕಂಡ ಜನಕ್ಕೆ ಈ ಭಯ ಸಹಜ. ಆದರೆ ಅದು ವರ್ಷಾನುಗಟ್ಟಲೆ ಹೊಟ್ಟೆಗೆ ಹೋದ ಫ್ಲೋರೈಡ್. ಪೇಸ್ಟಿನದ್ದು ಹಲ್ಲಿನ ಮೇಲ್ಮೈಗೆ ತಗಲಿ ಅದನ್ನು ಗಟ್ಟಿಮಾಡುತ್ತದೆ. ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿ ಕಾಳಿನಷ್ಟು ಸಾಕು. ಅಂಥ ನೀರಿನ ಊರಿನವರು ದಂತವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ.

ತಪ್ಪು ಕಲ್ಪನೆ: ಮೂರು ವರ್ಷವಾಯಿತು, ತಾನೇ ಉಜ್ಜಿಕೊಳ್ಳುತ್ತದೆ.

ವಾಸ್ತವ: ಏಳೆಂಟು ವರ್ಷದವರೆಗೂ ದೊಡ್ಡವರ ಕೈ ಬೇಕು. ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿದರೆ ಹಿಂದಿನ ಹಲ್ಲೂ ಕಾಣುತ್ತದೆ.

ತಪ್ಪು ಕಲ್ಪನೆ: ನೋವು ಬಂದಾಗ ಡಾಕ್ಟರ ಹತ್ತಿರ ಹೋದರಾಯಿತು.

ವಾಸ್ತವ: ನೋವು ಬರುವ ಹೊತ್ತಿಗೆ ಹುಳುಕು ಆಳಕ್ಕೆ ಇಳಿದಿರುತ್ತದೆ. ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಹುಳುಕು ಆಗಷ್ಟೇ ಶುರುವಾಗಿರಬಹುದು; ಫ್ಲೋರೈಡ್ ವಾರ್ನಿಶ್ ಹಚ್ಚಿಸಿ, ರಾತ್ರಿಯ ಬಾಟಲಿ ಬಿಡಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಮೊದಲ ಭೇಟಿ ಮೊದಲ ಹುಟ್ಟುಹಬ್ಬದೊಳಗೇ ಆಗಲಿ.